ಬೆತ್ತ ಹಿಡಿದ ಕೈಯ ಹಿಂದಿನ ಮನಸ್ಸು



“ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ” ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಆ ಕೊತ್ತಿಯ ಜಾಗದಲ್ಲಿರುವುದು ನಮ್ಮದೇ ಮಗು. ಮಗುವಿನ ತಪ್ಪು ಸಣ್ಣದು, ಬಿದ್ದ ಪೆಟ್ಟು ದೊಡ್ಡದು. ಹೆಚ್ಚಾದ ಆ ಪೆಟ್ಟು ಬಂದದ್ದು ಹೊಡೆದವರ ಮನಸ್ಸಿನಿಂದ. ಅದರ ಬಗ್ಗೆಯೇ ಇಂದು ನಾಲ್ಕು ಮಾತು.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದ ವರದಿ 2007ರಲ್ಲಿ ಹೊರಬಂತು. ಅದರ ಪ್ರಕಾರ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯೊಳಗೆ ಹಿಂಸೆ ಕಂಡ ಮಕ್ಕಳಲ್ಲಿ ಶೇ. 88.6 ಮಂದಿಗೆ ಹೊಡೆದವರು ಹೆತ್ತವರೇ.

ಮಕ್ಕಳ ಮೇಲೆ ಪ್ರೀತಿಯಿರುವವರೂ ಕ್ರೂರವಾಗಿ ನಡೆದುಕೊಳ್ಳುವುದೇಕೆ? ಮನಶ್ಶಾಸ್ತ್ರ ಕೆಲವು ಕಾರಣಗಳನ್ನು ಗುರುತಿಸಿದೆ.

ಮೊದಲನೆಯದು, ತಾನು ಬೆಳೆದ ರೀತಿ. “ನಾವೂ ಪೆಟ್ಟು ತಿಂದೇ ದೊಡ್ಡವರಾದೆವು” ಎನ್ನುವವರು ಬೆತ್ತವನ್ನೇ ಶಿಕ್ಷಣವೆಂದು ನಂಬುತ್ತಾರೆ. ಆದರೆ ಹಿಂಸೆ ಅನುಭವಿಸಿದ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ತಮ್ಮ ಮಕ್ಕಳನ್ನು ಹಿಂಸಿಸುವುದಿಲ್ಲ. ಅಂದರೆ ಈ ಸರಪಳಿ ಕಡಿಯಬಹುದಾದದ್ದು.

ಎರಡನೆಯದು, ದಣಿವು, ಒಂಟಿತನ ಮತ್ತು ಖಿನ್ನತೆ. ಮಡಂತ್ಯಾರು, ಪುಂಜಾಲಕಟ್ಟೆ, ಗುರುವಾಯನಕೆರೆಯ ಸುತ್ತಮುತ್ತಲ ಮನೆಗಳನ್ನೇ ನೋಡಿ. ಗಂಡ ಗಲ್ಫಿನಲ್ಲಿ, ಇಲ್ಲಿ ಉಮ್ಮ ಒಬ್ಬಳೇ ಮಕ್ಕಳು, ವಯಸ್ಸಾದ ಅತ್ತೆ-ಮಾವ, ಸಾಲದ ಕಂತು, ಶಾಲೆಯ ದೂರು ಎಲ್ಲವನ್ನೂ ನಿಭಾಯಿಸಬೇಕು. ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಿಗೂ ಇದೇ ಪಾಡು. ಮನಸ್ಸು ಕುಗ್ಗಿದಾಗ ತಾಳ್ಮೆ ಮೊದಲು ಹೋಗುತ್ತದೆ. ಹೆರಿಗೆಯ ನಂತರದ ಖಿನ್ನತೆಯನ್ನು “ಸೋಮಾರಿತನ” ಎಂದು ತಳ್ಳಿಹಾಕುವ ಮನೆಯಲ್ಲಂತೂ ಕೂಸಿಗೂ ಅಪಾಯ. ಅಳು ನಿಲ್ಲಿಸಲೆಂದು ಹಸುಗೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿಗೇ ಪೆಟ್ಟಾಗಬಹುದು.

ಮೂರನೆಯದು, ಮಗುವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವುದು. ಎರಡು ವರ್ಷದ ಮಗು ಹಾಲು ಚೆಲ್ಲುವುದು ಕೈ ಹಿಡಿತ ಬಲಿಯದ್ದರಿಂದ. “ಬೇಕೆಂದೇ ಮಾಡಿದೆ” ಎಂದು ತಿಳಿದ ಕೂಡಲೇ ಕೈ ಮೇಲೇಳುತ್ತದೆ. ವಯಸ್ಸಿಗೆ ಮೀರಿದ ನಿರೀಕ್ಷೆಯೂ ಹಾಗೆಯೇ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆಯಾದರೆ ತಮ್ಮ ಮಾನವೇ ಹೋಯಿತೆಂದು ಭಾವಿಸುವವರು ಮಗನಿಗೆ ಹೊಡೆಯುವುದು ಊರವರ ಮಾತಿಗೆ ಹೆದರಿ. ಇವುಗಳ ಜೊತೆಗೆ ಅಮಲಿನ ಚಟ, ಗಂಡ-ಹೆಂಡಿರ ಜಗಳ ಸೇರಿದರೆ ಅಪಾಯ ಇನ್ನಷ್ಟು ಹೆಚ್ಚು.

ಕಾರಣ ಹೇಳಿದೆನೆಂದರೆ ಹೊಡೆದದ್ದು ಸರಿಯೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ ಮಗುವಿನ ಹೊಣೆ ಹೊತ್ತವರು ಕ್ರೌರ್ಯವೆಸಗಿದರೆ ಜೈಲುಶಿಕ್ಷೆಯಿದೆ. ಆದರೆ ಕಾನೂನು ಬರುವುದು ಪೆಟ್ಟು ಬಿದ್ದ ಮೇಲೆ; ಮನಸ್ಸನ್ನು ನಾವು ಅದಕ್ಕೆ ಮೊದಲೇ ಹಿಡಿಯಬೇಕು.

ಹೆತ್ತವರೇ, ಸಿಟ್ಟು ಏರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ಎರಡು ನಿಮಿಷ ಅಂಗಳಕ್ಕೆ ಹೋಗಿ. “ಈ ಕೋಪ ನಿಜವಾಗಿ ಯಾರ ಮೇಲೆ?” ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಿದ್ದೆಯಿಲ್ಲದೆ, ಆಸಕ್ತಿಯಿಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮನಸ್ಸಿಗೆ ಮದ್ದು ಪಡೆಯುವುದರಲ್ಲಿ ನಾಚಿಕೆಯೇನಿದೆ?

ನೆರೆಹೊರೆಯವರೇ, ಒಂಟಿಯಾಗಿ ಹೆಣಗುವ ತಾಯಿಗೆ ಬುದ್ಧಿಮಾತು ಹೇಳುವ ಬದಲು ಒಂದು ಗಂಟೆ ಅವಳ ಮಗುವನ್ನು ನೋಡಿಕೊಳ್ಳಿ.

ವಿದ್ಯಾರ್ಥಿಗಳೇ, ಮನೆಯಲ್ಲಿ ಹಿಂಸೆಯಾದರೆ ಅದು ನಿಮ್ಮ ತಪ್ಪಲ್ಲ. ನಂಬಿಕೆಯ ಶಿಕ್ಷಕರಿಗೆ ಹೇಳಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನಾಳೆ ನೀವೂ ತಂದೆ-ತಾಯಿಯರಾಗುವವರು. ನಿಮಗೆ ಬಿದ್ದ ಬೆತ್ತ ನಿಮ್ಮ ಮಕ್ಕಳ ತನಕ ಬರದಂತೆ ತಡೆಯುವ ಶಕ್ತಿ ನಿಮ್ಮಲ್ಲಿದೆ. ಕಲಿತ ವಿದ್ಯೆ ಆ ಕೆಲಸಕ್ಕೂ ಒದಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.