ಗೋಕಾವಿ ಹಣ್ಣು: ಕಣ್ಣಿಗೆ ಭಾರ, ಕೈಗೆ ಹಗುರ

ಗೋಕಾಕದ ಕಟ್ಟಿಗೆಯ ಹಣ್ಣು-ಕಾಯಿ ಯಾರಿಗೆ ಗೊತ್ತಿಲ್ಲ? ಹಗುರ ಕಟ್ಟಿಗೆ ಕೆತ್ತುವುದು, ಹುಣಸೆಬೀಜದ ಅಂಟು ಬಳಿಯುವುದು, ಬಣ್ಣ ಹಚ್ಚುವುದು. ಚಿತ್ರಗಾರರ ಮನೆತನದ ಕಸುಬು. 1908ರ ಇಂಪೀರಿಯಲ್ ಗೆಜೆಟಿಯರಿನಲ್ಲೂ ಗೋಕಾಕದ ಆಟಿಕೆಗಳ ಹೆಸರಿದೆ. ಅದೆಲ್ಲ ಇರಲಿ.

ನಾನು ಹೇಳಬೇಕೆಂದಿರುವುದು ಒಂದು ಬಾಳೆಹಣ್ಣಿನ ಸುದ್ದಿ. ಹುಡುಗನಿದ್ದಾಗ ಅಜ್ಜನ ಕೂಡ ಗೋಕಾಕಕ್ಕೆ ಹೋಗಿದ್ದೆ. ಹಿರಿಯ ಚಿತ್ರಗಾರರೊಬ್ಬರು ಹಳದಿ ಬಳಿದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತೊಟ್ಟಿನ ಹತ್ತಿರ ತುಸು ಹಸಿರು ಉಳಿಸಿದ್ದರು. ಆಮೇಲೆ ಸಣ್ಣ ಕುಂಚ ಹಿಡಿದು ಸಿಪ್ಪೆಯ ಮೇಲೆ ಕಂದು ಚುಕ್ಕೆ ಇಡತೊಡಗಿದರು. “ಚಂದ ಹಣ್ಣು ಯಾಕ ಕೆಡಸ್ತೀರಿ ಕಾಕಾ?” ಅಂದೆ. “ಕಲಿ ಇಲ್ಲದ್ದು ಗೊಂಬಿ ಆಗತೈತಿ ತಮ್ಮಾ, ಹಣ್ಣ ಆಗೂದಿಲ್ಲ” ಅಂದರು.

ಕಲೆ, ಸವೆತ ತೋರಿಸಿ ನಿಜವೆನಿಸುವ ಈ ಜಾಣತನ ಬೇರೆ ನಾಡಿನಲ್ಲೂ ಉಂಟು. ಅಮೆರಿಕದಲ್ಲಿ ವಿಲಿಯಂ ಹಾರ್ನೆಟ್ ಎಂಬ ಚಿತ್ರಕಾರ 1886ರಲ್ಲಿ ಬಾಗಿಲಿಗೆ ತೂಗುಹಾಕಿದ ಹಳೆಯ ಪಿಟೀಲೊಂದನ್ನು ಬರೆದ. ಸಿನ್ಸಿನಾಟಿಯ ಪ್ರದರ್ಶನದಲ್ಲಿ ಜನ ಅದನ್ನು ನಿಜವೆಂದೇ ಮುಟ್ಟಲು ಹೋಗಿ, ಕಾವಲುಗಾರನನ್ನು ನಿಲ್ಲಿಸಬೇಕಾಯಿತಂತೆ! ಆ ಪಿಟೀಲಿನ ಸವೆತದಲ್ಲಿ ಮುಗಿದ ಕಾಲವೊಂದು ಕಾಣುತ್ತದೆ. ನಮ್ಮ ಚಿತ್ರಗಾರರ ಕಲೆಯೂ ಹಣ್ಣು ಮಾಗಿ ಕೆಡುವ ಹೊತ್ತನ್ನೇ ಹೇಳುತ್ತದೆ, ಆದರೆ ಆ ಹಣ್ಣು ಕೆಡುವುದಿಲ್ಲ. ಅವ್ವ ಗಣಪತಿಯ ಮುಂದೆ ಜೋಡಿಸಿಡುತ್ತಿದ್ದುದು ಅದಕ್ಕೇ: ಮನೆಯಲ್ಲಿ ವರ್ಷವಿಡೀ ಸುಗ್ಗಿ ಇರಲಿ ಎಂಬ ಹರಕೆ. ಇಲ್ಲಿ ಮುಟ್ಟಬೇಡ ಎನ್ನುವ ಕಾವಲುಗಾರನಿಲ್ಲ. ಭಾರವಿದ್ದೀತು ಎಂದು ಎತ್ತಿದರೆ ಕೈ ತಾನೇ ಮೇಲೇಳುತ್ತದೆ. ಆ ಬೆರಗೇ ಅರ್ಧ ಕಲೆ. ನಮ್ಮನೆಯ ಮಾವಿನಹಣ್ಣಿನ ಮೇಲೆ ತಮ್ಮನ ಹಾಲುಹಲ್ಲಿನ ಗುರುತು ಈಗಲೂ ಇದೆ.

ಅಯ್ಯೋ, ಹೊತ್ತಾಯಿತೆಂದು ಸ್ಟುಡಿಯೋದ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಸೀತಾಫಲ ಉಳಿಯಿತು, ಕಿನ್ನಾಳದ ಗೊಂಬೆ ಉಳಿಯಿತು, ಮೆಣಸಿನಕಾಯಿಯನ್ನಂತೂ ಶುರುವೇ ಮಾಡಲಿಲ್ಲ. ಒಂದೇ ಮಾತು: ಗೋಕಾಕ ಫಾಲ್ಸ್ ನೋಡಿ ಹಾಗೇ ಹಿಂದಿರುಗಬೇಡಿ, ಊರೊಳಗೆ ಹೋಗಿ ಚಿತ್ರಗಾರರನ್ನು ಕೇಳಿ. ಚೌಕಾಸಿ ಮಾಡಬೇಡಿ, ಒಂದೊಂದು ಪದರವೂ ಒಣಗುವ ತನಕ ಕಾದು ಮಾಡಿದ ಕೆಲಸ ಅದು.