ಚಳಿಗಾಲದ ಜಾತ್ರೆಗೆ ಗಾಡಿಯ ಸಿದ್ಧತೆ



ಮಾರ್ಗಶಿರದಲ್ಲಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆಗೂ, ಜನವರಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೂ ಹಾಸನ, ಹೊಳೆನರಸೀಪುರದ ಕಡೆಯಿಂದಲೂ ರೈತರು ರಾಸುಗಳೊಡನೆ ತೆರಳುವುದುಂಟು. ಅಲ್ಲಿ ಕಮಾನುಗಾಡಿಯೋ ಟ್ರ್ಯಾಕ್ಟರಿನ ಟ್ರೇಲರೋ ರಾತ್ರಿಯ ಮನೆಯಾಗುತ್ತದೆ. ಅದನ್ನು ಚಳಿಗೆ ತಕ್ಕಂತೆ ಅಣಿಗೊಳಿಸುವುದು ಪತಿಪತ್ನಿಯರಿಬ್ಬರ ಹೊಣೆ.

ಟ್ರೇಲರಿನ ಕಬ್ಬಿಣದ ತಳವು ಮೈಯ ಶಾಖವನ್ನು ಬೇಗನೆ ಹೀರುತ್ತದೆ. ಆದುದರಿಂದ ಒಣಹುಲ್ಲನ್ನು ಗೇಣು ದಪ್ಪಕ್ಕೆ ಹರಡಿ, ಮೇಲೆ ಚಾಪೆ, ಕಂಬಳಿ ಹಾಸಿರಿ. ಗಾಳಿ ಬೀಸುವ ಕಡೆಗೆ ಟಾರ್ಪಾಲನ್ನು ಬಿಗಿದು ಕಟ್ಟಿ, ಎದುರು ಬದಿಯಲ್ಲಿ ಮೊಳದಷ್ಟು ತೆರವು ಬಿಡಿರಿ. ಗಾಲಿಗಳಿಗೆ ಹಿಂದೂ ಮುಂದೂ ಕಲ್ಲು ಕೊಡಿರಿ.

ಎಷ್ಟೇ ಚಳಿಯಿದ್ದರೂ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಡಬೇಡಿರಿ. ಹುಲ್ಲಿಗೆ ಕಿಡಿ ತಗಲುವ ಭಯವೊಂದೇ ಅಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಿದ್ರಿಸಿದವರು ಮತ್ತೆ ಏಳದೇ ಹೋಗಬಹುದು. ತಲೆನೋವು, ತಲೆಸುತ್ತು, ವಾಂತಿ ಕಂಡೊಡನೆ ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿರಿ.

ಬೆಂಕಿಯನ್ನು ಹೊರಗೆ ಕಾಯಿಸಿಕೊಂಡು, ಪೂರ್ತಿ ಆರಿಸಿ ಮಲಗಿರಿ. ಕೂಸಿಗೆ ಕುಲಾವಿ ತೊಡಿಸಿರಿ. ಕಂಬಳಿ ಅದರ ಮುಖವನ್ನು ಮುಚ್ಚದಿರಲಿ. ಪ್ರಯಾಣದಲ್ಲಿ ಮಾತ್ರ ಟ್ರೇಲರು ಬೇಡ, ತಾಯಿಮಕ್ಕಳು ಬಸ್ಸಿನಲ್ಲಿಯೇ ಬರಲಿ.

ನಿಮ್ಮ ಜಾತ್ರೆ ಸುಖಕರವಾಗಲಿ.