ಚಕ್ರದ ಶ್ರುತಿ

ರಾಜಾಜಿನಗರದ ಕಾರ್ಖಾನೆಗಳಿಗೆ ಒಂದು ಕಾಲದಲ್ಲಿ ಕಾರ್ಮಿಕರು ಸಾಲುಸಾಲಾಗಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವರನ್ನು ಹೊತ್ತದ್ದು ಸುಮಾರು 2 ಮಿಲಿಮೀಟರ್ ದಪ್ಪದ, ಕೈಯಲ್ಲೇ ಬಗ್ಗಿಸಬಹುದಾದ ಕಡ್ಡಿಗಳು. ಇದು ಹೇಗೆ ಸಾಧ್ಯ? ಮೊದಲ ಬಾರಿಗೆ ಚಕ್ರ ಕಟ್ಟಲು ಕುಳಿತಾಗಲೇ ಈ ಪ್ರಶ್ನೆ ನನ್ನನ್ನು ಕಾಡಿದ್ದು.

ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಕಂಬದಂತೆ ನಿಂತು ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿಗೆ ಆ ಶಕ್ತಿಯಿಲ್ಲ; ಅದು ಎಳೆದು ಹಿಡಿಯಬಲ್ಲದು, ಅಷ್ಟೆ. ಸವಾರ ಕುಳಿತೊಡನೆ ನೆಲದ ಬಳಿಯ ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ. ಆಗಲೂ ಅವು ಸಡಿಲವಾಗದಷ್ಟು ಬಿಗಿಯನ್ನು ಕಟ್ಟುವವನು ಮೊದಲೇ ಕೂಡಿಟ್ಟಿರಬೇಕು. ಕಡ್ಡಿಗಳನ್ನು ಓರೆಯಾಗಿ, ಒಂದನ್ನೊಂದು ಹಾಯುವಂತೆ ಜೋಡಿಸುವ ಕ್ರಮಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಪೆಡಲು ತುಳಿದಾಗ ಹುಟ್ಟುವ ತಿರುಚುವ ಬಲವನ್ನು ತಾಳುವ ಉಪಾಯವದು.

ವಿಜಯನಗರದ ಸೈಕಲ್ ಅಂಗಡಿಯ ಹಿರಿಯರೊಬ್ಬರು ಹಿಂದಿನ ಚಕ್ರದ 40 ಕಡ್ಡಿಗಳನ್ನು ನನ್ನ ಮುಂದಿಟ್ಟರು. ಪೋಣಿಸುವುದು ಲೆಕ್ಕದ ಕೆಲಸ. ಬೆಂಡು ತೆಗೆಯುವುದು ವಿವೇಕದ್ದು. ರಿಮ್ಮು ಬಲಕ್ಕೆ ವಾಲಿದರೆ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿಸಬೇಕು. ಅಲ್ಲಿ ಬಿಗಿ ಸಾಕಷ್ಟಿದ್ದರೆ ಬಲಗಡೆಯದನ್ನು ಸಡಿಲಿಸಬೇಕು. ಸಂಜೆಯ ಹೊತ್ತಿಗೆ ಚಕ್ರ ನೇರವಾಗಿ ತಿರುಗಿತು. ಹಿರಿಯರು ಒಂದೊಂದೇ ಕಡ್ಡಿಯನ್ನು ತಂಬೂರಿಯ ತಂತಿಯಂತೆ ಮೀಟಿ ಆಲಿಸಿದರು.

“ಕಣ್ಣಿಗೆ ಸರಿಯಾಗಿದೆ ಸ್ವಾಮಿ, ಕಿವಿಗೆ ಇನ್ನೂ ಆಗಿಲ್ಲ” ಎಂದರು.

ಒಂದು ಕಡ್ಡಿ ಸೋಮಾರಿಯಾದರೆ ಅದರ ಪಾಲನ್ನು ನೆರೆಯವು ಹೊರುತ್ತವೆ. ಹೊತ್ತು ಹೊತ್ತು, ಒಂದು ದಿನ ಮುರಿಯುತ್ತವೆ. ಮುರಿಯುವುದು ಸೋಮಾರಿಯಲ್ಲ, ದುಡಿದದ್ದು.

ಈಗ ಯಂತ್ರಗಳು ಕಟ್ಟಿದ ಚಕ್ರಗಳು ಸಿದ್ಧವಾಗಿಯೇ ದೊರೆಯುತ್ತವೆ. ಆದರೆ ಓಡಿ ಓಡಿ ಶ್ರುತಿ ತಪ್ಪಿದ ಚಕ್ರವನ್ನು ಮೀಟಿ ನೋಡುವ ಕಿವಿ ಬಡಾವಣೆಗೊಂದಾದರೂ ಉಳಿದಿರಬೇಕು.